ನನ್ನ ಕೀಲುಗಳೂ ಅತ್ತೆಯ ಗಿಳಿಗಳೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಬರುವುದಿಲ್ಲ. ಯಾವ ಕಡೆಗೆ ತಿರುಗಿಸಬೇಕು, ಬಲ ಎಲ್ಲಿ ಬೀಳಬೇಕು ಎಂಬುದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ಗಂಟೆ ವಿವರಿಸಬಲ್ಲೆ. ಬಾಟಲಿಯನ್ನೇ ಕೈಗೆ ಕೊಟ್ಟರೆ ಮಾತ್ರ ಸುತ್ತಮುತ್ತ ಯಾರಿದ್ದಾರೆ ಎಂದು ನೋಡುತ್ತೇನೆ. ಯಾರೂ ಇಲ್ಲದಿದ್ದರೆ ಆ ಹೊತ್ತು ಉಪ್ಪಿನಕಾಯಿ ಇಲ್ಲದೆಯೇ ಊಟ.

ಇದಕ್ಕೆ ಕಾರಣ ಲೂಪಸ್ ಎಂಬ ಕಾಯಿಲೆ. ಅದರ ಜೊತೆ ನಾನು ಕಳೆದ ವರ್ಷ ಬಸುರಿಯೂ ಆದೆ. ಬಸುರಿಯರಿಗೆ ಹೇಗೂ ಸೊಂಟ, ಮಂಡಿ, ಹಿಮ್ಮಡಿ ನೋಯುತ್ತದೆ. ಲೂಪಸ್ ಇದ್ದವರಿಗೆ ಹೇಗೂ ಬೆರಳು, ಮಣಿಕಟ್ಟು, ಮಂಡಿ ನೋಯುತ್ತದೆ. ಎರಡೂ ಸೇರಿದರೆ ಮಂಡಿ ಯಾರ ಪಾಲಿಗೆ ಬರುತ್ತದೆಂಬುದೇ ತಗಾದೆ. ಸರ್ವೆಯವರನ್ನು ಕರೆಸಿದರೂ ಗಡಿ ಗುರುತಿಸಲಾಗದ ಜಾಗ ಅದು. ನಾನು ಆ ತಗಾದೆಯನ್ನು ಬಗೆಹರಿಸಲು ಹೋಗಲಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ ಮಲಗಿದಲ್ಲೇ ಹಾಜರಿ ಕರೆಯುತ್ತಿದ್ದೆ. ಬಲಗೈ ಹೆಬ್ಬೆರಳು? ಬಂದಿದೆ. ಎಡಗೈ ಮಣಿಕಟ್ಟು? ತಡವಾಗಿ ಬರುತ್ತದಂತೆ. ಮಂಡಿಗಳು? ರಜಾ ಅರ್ಜಿಯನ್ನೂ ಕೊಡದೆ ಗೈರು. ಎಲ್ಲರೂ ಬಂದು ಸೇರುವಷ್ಟರಲ್ಲಿ ಒಂದು ಗಂಟೆಯಾಗುತ್ತಿತ್ತು. ಅಲ್ಲಿಯವರೆಗೆ ಬಚ್ಚಲುಮನೆಯ ನಲ್ಲಿಯನ್ನೂ ಮೊಣಕೈಯಿಂದಲೇ ತಿರುಗಿಸಬೇಕಿತ್ತು.

ದೇವರ ತಮಾಷೆ ನೋಡಿ, ಆ ವರ್ಷವೇ ನಾನು ಎಂಟನೇ ಕ್ಲಾಸಿಗೆ ಕೀಲುಗಳ ಪಾಠ ಮಾಡಬೇಕಾಗಿ ಬಂತು. ಭುಜದ್ದು ಚೆಂಡು ಮತ್ತು ಗುಳಿಯ ಕೀಲು, ಮಂಡಿಯದು ಬಿಜಾಗರಿ ಕೀಲು, ಇವುಗಳ ನಡುವೆ ಜಾರಿಕೆಗೆಂದು ಒಂದು ದ್ರವ. ಪುಸ್ತಕದ ಚಿತ್ರದಲ್ಲಿ ಎಲ್ಲವೂ ಎಷ್ಟು ಸಲೀಸು! ಬಾಣದ ಗುರುತು ಹಾಕಿದ ಕಡೆಗೆಲ್ಲ ಮೂಳೆ ತಿರುಗುತ್ತದೆ. ನಮ್ಮ ಹಿರಿಯರು ಬಾಗಿಲಿಗೂ ಗಾಡಿಗೂ ಮೈಗೂ ಒಂದೇ ‘ಕೀಲು’ ಎಂಬ ಮಾತನ್ನು ಇಟ್ಟುಕೊಂಡರಲ್ಲ, ಅವರಿಗೆ ವಿಷಯ ಗೊತ್ತಿತ್ತು ಎಂದು ನನ್ನ ಅನುಮಾನ. ಬಾಗಿಲಿಗಾದರೆ ಎರಡು ಹನಿ ಎಣ್ಣೆ ಬಿಟ್ಟರೆ ಕಿರುಗುಡುವುದು ನಿಲ್ಲುತ್ತದೆ. ನಾನು ಪಾಠ ಮುಗಿಸಿ ಸೀಮೆಸುಣ್ಣ ಇಡಲು ಹೋದರೆ ಅದು ಬೆರಳಿನಿಂದ ಬಿಡಿಸಿಕೊಳ್ಳಲೇ ಇಲ್ಲ. ಇನ್ನೊಂದು ಕೈಯಿಂದ ಕಿತ್ತು ಇಟ್ಟೆ. ಮಕ್ಕಳು ಅದನ್ನೂ ಪಾಠದ ಭಾಗವೆಂದುಕೊಂಡು ನೋಡುತ್ತಿದ್ದರು.

ಈ ಕಾಯಿಲೆಯವರು ಬಿಸಿಲಿಗೆ ಮೈಯೊಡ್ಡಬಾರದು. ಸಿಂಗಟಗೆರೆಯಲ್ಲಿ ಸಂಸಾರ ಮಾಡುವವಳಿಗೆ ಹೀಗೆ ಹೇಳುವುದು ಎಷ್ಟು ಸರಿ ಎಂದು ನೀವೇ ಯೋಚಿಸಿ. ನಮ್ಮ ಕಡೂರು ಸೀಮೆಯಲ್ಲಿ ಬಿಸಿಲೊಂದಕ್ಕೆ ಬರವಿಲ್ಲ. ಹಾಗಾಗಿ ನಾನು ಹನ್ನೆರಡು ತಿಂಗಳೂ ಕೊಡೆ ಹಿಡಿದೇ ಓಡಾಡುವವಳು. ಮೊದಮೊದಲು ಜನ ನನ್ನ ಕೊಡೆ ನೋಡಿ ಆಕಾಶ ನೋಡುತ್ತಿದ್ದರು. ಒಂದು ಮೋಡವೂ ಕಾಣದೆ ನನ್ನ ಮುಖ ನೋಡುತ್ತಿದ್ದರು. ಆಮೇಲೆ ‘ಕೊಡೆ ಮೇಡಂ’ ಎಂದು ಹೆಸರಿಟ್ಟು ನೆಮ್ಮದಿಯಾದರು.

ಲೂಪಸ್ ಎಂದರೇನು ಎಂದು ನಮ್ಮ ಅತ್ತೆ ನಿಂಗಮ್ಮನವರಿಗೆ ವಿವರಿಸಿದ್ದು ನನ್ನ ಬೋಧನಾ ಜೀವನದ ಕಷ್ಟದ ಪಾಠಗಳಲ್ಲೊಂದು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತೋಟ, ಹಸು, ಹಿತ್ತಿಲು ಮೂರನ್ನೂ ಬೆರಳ ತುದಿಯಲ್ಲಿ ಆಡಿಸುವವರು. ನಾನು ಹೇಳಿದೆ: “ಅತ್ತೆ, ಕಳ್ಳರು ಬಂದ್ರೆ ಕಚ್ಚಲಿ ಅಂತ ನಾಯಿ ಸಾಕ್ತೀವಲ್ಲ, ಆ ನಾಯಿಗೆ ಮನೆಯವರ ಗುರುತೇ ಮರೆತುಹೋಗಿ ಮನೆಯವರನ್ನೇ ಕಚ್ಚೋಕೆ ಶುರುಮಾಡಿದ್ರೆ ಹೆಂಗೆ? ನನ್ನ ಮೈಯೊಳಗೆ ಹಂಗಾಗಿದೆ.”

ಅತ್ತೆ ರಾಗಿ ಕೇರುವುದನ್ನು ನಿಲ್ಲಿಸಿ ಯೋಚಿಸಿದರು. “ಹಂಗಾರೆ ಈ ಮಾತ್ರೆ ಏನ್ ಮಾಡ್ತೈತೆ?”

“ನಾಯಿನ ಕಟ್ಟಿಹಾಕುತ್ತೆ.”

“ಸಾಯಲ್ವಾ ಅದು?”

“ಇಲ್ಲ. ನಾಯಿ ಇರಬೇಕಲ್ಲ, ಕಳ್ಳರು ಬಂದ್ರೆ?”

“ಅದೂ ಸರಿ ಅನ್ನು,” ಎಂದು ಮೊರ ಎತ್ತಿಕೊಂಡರು. ನನಗೆ ಪಾಠ ಮುಟ್ಟಿತು ಎಂಬ ಹೆಮ್ಮೆ. ಆದರೆ ನಾನು ಬಸುರಿಯಾದ ತಿಂಗಳಿನಿಂದಲೇ ಅವರ ರಾಗ ಬದಲಾಯಿತು. “ನಾನು ಮೂರು ಹೆತ್ತೆ ಕಣವ್ವಾ, ಒಂದ್ ಮಾತ್ರೆ ಮುಟ್ಲಿಲ್ಲ. ಹೊಟ್ಟೇಲಿರೋ ಕೂಸಿಗೆ ಯಾಕೆ ಈ ಕಹಿ?” ದಿನಕ್ಕೊಂದು ಸಲವಾದರೂ ಈ ಮಾತು ಬರುತ್ತಿತ್ತು, ಕಾಫಿಯ ಜೊತೆಗೋ ಊಟದ ಜೊತೆಗೋ. ನಾನೂ ದಿನಕ್ಕೊಂದು ಸಲ ಶಿವಮೊಗ್ಗದ ಡಾಕ್ಟರಮ್ಮನ ಅಪ್ಪಣೆಯನ್ನು ಒಪ್ಪಿಸುತ್ತಿದ್ದೆ: ಈ ಮಾತ್ರೆಯನ್ನು ಒಂದು ದಿನವೂ ಬಿಡಕೂಡದು. ನೋವು ಎಂದು ಅಂಗಡಿಯಲ್ಲಿ ಕೇಳಿ ಬೇರೆ ಮಾತ್ರೆ ನುಂಗಕೂಡದು. ನೋವಿಗೆ ಬಿಸಿನೀರಿನ ಶಾಖ, ಸ್ವಲ್ಪ ನಡಿಗೆ, ಸ್ವಲ್ಪ ವಿಶ್ರಾಂತಿ.

ಅತ್ತೆಯೊಬ್ಬರೇ ಆಗಿದ್ದರೆ ನಿಭಾಯಿಸಬಹುದಿತ್ತು. ನಮ್ಮ ಕಡೆ ಮನೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟೇ ಸಹಜವಾಗಿ ಒಂದು ಮದ್ದನ್ನೂ ಬಿಟ್ಟು ಹೋಗುತ್ತಾರೆ. ದೇವನೂರಿನ ಚಿಕ್ಕತ್ತೆ ಲಕ್ಕಿಸೊಪ್ಪು ಕುದಿಸಿದ ನೀರು ಎಂದರು. ಅಜ್ಜಂಪುರದ ನನ್ನ ತವರಿನಿಂದ ಅಮ್ಮ ದಿನಾ ಫೋನು ಮಾಡಿ ಹರಳೆಣ್ಣೆ ಎಂದರು. ಹಾಲು ಅಳೆಸಿಕೊಳ್ಳಲು ಬಂದ ಪಕ್ಕದ ಮನೆಯಾಕೆ ನನ್ನ ನಡಿಗೆ ನೋಡಿ ಇದು ಚಿಕೂನ್‌ಗುನ್ಯಾವೇ ಎಂದು ತೀರ್ಮಾನ ಕೊಟ್ಟಳು. ನಮ್ಮೂರಲ್ಲಿ ಯಾವ ಕೀಲು ನೋವು ಬಂದರೂ ಅದು ಚಿಕೂನ್‌ಗುನ್ಯಾ. ಅಲ್ಲವೆಂದು ಸಾಧಿಸುವ ಹೊಣೆ ರೋಗಿಯದು. ನಾನೂ ಒಂದು ಕಾಲದಲ್ಲಿ ಹಾಗೆಯೇ ನಂಬಿ ವರ್ಷಗಟ್ಟಲೆ ಕಷಾಯ ಕುಡಿದವಳು. ಮೂರು ವರ್ಷದ ಹಿಂದೆ ಮೊದಲ ಬಸುರು ಮೂರನೇ ತಿಂಗಳಲ್ಲೇ ಹೋಯಿತು. ಆಮೇಲೆಯೇ ರಕ್ತ ಪರೀಕ್ಷೆಗಳಾಗಿ ಈ ಕಾಯಿಲೆಗೊಂದು ಹೆಸರು ಸಿಕ್ಕಿದ್ದು. ಆ ನೋವು ಯಾವ ಕೀಲಿನಲ್ಲಿತ್ತೆಂದು ನನಗೆ ಇವತ್ತಿಗೂ ತೋರಿಸಲು ಬರುವುದಿಲ್ಲ.

ಇನ್ನು ಅತ್ತೆಯ ಗಿಳಿಗಳ ವಿಷಯ. ನಮ್ಮ ಹಿತ್ತಿಲಲ್ಲಿ ಎರಡು ಸೀಬೆ ಗಿಡ, ಪಕ್ಕದಲ್ಲಿ ನಾಲ್ಕು ಸಾಲು ಸಜ್ಜೆ ಇವೆ. ಅವುಗಳ ಮೇಲೆ ಗಿಳಿಗಳಿಗೆ ಪಿತ್ರಾರ್ಜಿತ ಹಕ್ಕಿದೆ ಎಂದು ಗಿಳಿಗಳ ನಂಬಿಕೆ. ಅತ್ತೆಯ ನಂಬಿಕೆ ಬೇರೆ. ಕೂಗಿದ್ದಾಯಿತು, ತಗಡು ಬಡಿದದ್ದಾಯಿತು, ನಮ್ಮ ಯಜಮಾನರ ಹಳೆಯ ಅಂಗಿ ತೊಡಿಸಿ ಬೆದರುಬೊಂಬೆ ನಿಲ್ಲಿಸಿದ್ದೂ ಆಯಿತು. ಗಿಳಿಗಳು ಬೊಂಬೆಯ ಭುಜದ ಮೇಲೆಯೇ ಕುಳಿತು ಸೀಬೆ ತಿಂದವು. ಕೊನೆಗೆ ಅತ್ತೆಯ ಕಣ್ಣು ನನ್ನ ಮಾತ್ರೆಯ ಖಾಲಿ ಶೀಟುಗಳ ಮೇಲೆ ಬಿತ್ತು. ಬೆಳ್ಳಿಯಂತೆ ಹೊಳೆಯುವ ಅವನ್ನು ದಾರಕ್ಕೆ ಪೋಣಿಸಿ ಗಿಡದಿಂದ ಗಿಡಕ್ಕೆ ಕಟ್ಟಿದರು. ಗಾಳಿಗೆ ಪಟಪಟ ಎನ್ನುತ್ತಾ ಬಿಸಿಲಿಗೆ ಅವು ಪಳಪಳಿಸಿದ್ದೇ ತಡ, ಗಿಳಿಗಳು ಬೇರೆ ಊರು ನೋಡಿಕೊಂಡವು. ಅಂದಿನಿಂದ ನನ್ನ ಖಾಲಿ ಶೀಟು ಕಸಕ್ಕೆ ಹೋಗಲಿಲ್ಲ. ಹತ್ತು ದಿನಕ್ಕೊಂದು ಅತ್ತೆಯ ಕೈ ಸೇರುತ್ತಿತ್ತು. ಮಾತ್ರೆ ನುಂಗಬೇಡ ಎಂದು ಉಪದೇಶಿಸುತ್ತಲೇ ಅದರ ಶೀಟಿಗೆ ಕೈಚಾಚುವ ಅವರನ್ನು ಕಂಡು ನಾನು ಒಳಗೊಳಗೇ ನಗುತ್ತಿದ್ದೆ.

ಐದನೇ ತಿಂಗಳಲ್ಲಿ ನಾನು ಕಡೂರಿನ ಮೆಡಿಕಲ್ ಶಾಪೊಂದಕ್ಕೆ ಮಾತ್ರೆ ತರಲು ಹೋಗಿದ್ದೆ. ಅಂಗಡಿಯಾತ ಚೀಟಿ ನೋಡಿದ, ಮಾತ್ರೆ ತೆಗೆದ, ನನ್ನ ಹೊಟ್ಟೆ ನೋಡಿದ. “ಇದು ಮಲೇರಿಯಾದ್ದಲ್ವಾ ಮೇಡಂ? ಈಗ್ಲೂ ತಗೋತಿದೀರಾ?” ಎಂದ. ಅಷ್ಟೇ. ಮಲೇರಿಯಾಕ್ಕೂ ಲೂಪಸ್‌ಗೂ ಕೊಡುವುದು ಅದೇ ಮಾತ್ರೆ ಎಂದು ನನಗೆ ಗೊತ್ತಿತ್ತು. ಅವನು ಬೈಯಲಿಲ್ಲ, ಬೇಡವೆನ್ನಲಿಲ್ಲ, ಚಿಲ್ಲರೆ ಕೊಟ್ಟ. ಆ ಒಂದು ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆಗೇ ಸೀಟು ಹಿಡಿದು ಕೂತಿತು. ಸಿಂಗಟಗೆರೆಯಲ್ಲಿ ನಾನು ಇಳಿದರೆ ಅದೂ ಇಳಿಯಿತು.

ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬಬೇಡಿ, ಆಧಾರ ಕೇಳಿ ಎಂದು ಮಕ್ಕಳಿಗೆ ಹೇಳುವವಳು ನಾನು. ಡಾಕ್ಟರಮ್ಮನಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಅವರು ‘ತಗೊಳ್ಳಿ’ ಎನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ. ಒಂದು ಸಲ ಕಳೆದುಕೊಂಡವಳ ತಲೆಯಲ್ಲಿ ವಿಜ್ಞಾನ ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ. ಅಂದಿನಿಂದ ಕಬ್ಬಿಣದ ಮಾತ್ರೆ ನುಂಗಿದೆ, ಸುಣ್ಣದ ಮಾತ್ರೆ ನುಂಗಿದೆ, ಇದೊಂದನ್ನು ಮಾತ್ರ ಮುಟ್ಟಲಿಲ್ಲ. ಯಾರಿಗೂ ಹೇಳಲಿಲ್ಲ.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ನೋಡಿದೆಯಾ, ಇಷ್ಟೇ ಎಂದು ಬೀಗಿದೆ. ಎರಡನೇ ವಾರ ನಾಯಿ ಹಗ್ಗ ಹರಿದುಕೊಂಡಿತು. ಬೆರಳ ಗೆಣ್ಣುಗಳು ಊದಿ ಉಂಗುರ ಬಿಗಿಯಿತು. ಬಾಚಣಿಗೆ ಹಿಡಿಯಲು ಆಗದೆ ಜಡೆಯನ್ನು ಅತ್ತೆಗೆ ಒಪ್ಪಿಸಿದೆ. ಒಂದು ಬೆಳಿಗ್ಗೆ ಚೂಡಿದಾರದ ಪ್ಯಾಂಟಿನ ಲಾಡಿಯನ್ನೂ ಕಟ್ಟಿಕೊಳ್ಳಲಾಗಲಿಲ್ಲ. ಶಾಲೆಗೆ ಹೊತ್ತಾಗಿತ್ತು. ಯಜಮಾನರನ್ನು ಕರೆದೆ. ಅವರು ತೆಂಗಿನ ತೋಟದವರು, ಕೆಲಸದಲ್ಲಿ ಅಚ್ಚುಕಟ್ಟು. ಕೊಬ್ಬರಿ ಚೀಲದ ಬಾಯಿಗೆ ಹಾಕುವ ಗಂಟನ್ನು ಹಾಕಿ, ಎಳೆದು ನೋಡಿ, “ತಿಪಟೂರಿನವರೆಗೂ ಬಿಚ್ಚಲ್ಲ,” ಎಂದರು.

ಐದು ತಿಂಗಳ ಬಸುರಿಗೆ ಮುಕ್ಕಾಲು ಗಂಟೆಗೊಮ್ಮೆ ಎಲ್ಲಿಗೆ ಹೋಗಬೇಕಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎರಡನೇ ಪೀರಿಯಡ್ಡಿನ ಕೊನೆಗೆ ನಾನು ಅಲ್ಲಿಗೆ ಹೋದೆ. ಗಂಟು ಬಿಚ್ಚಲಿಲ್ಲ. ಬೆರಳು ಬಾಗಲಿಲ್ಲ. ಹೊಟ್ಟೆ ಅಡ್ಡ ಬಂದು ಗಂಟು ಕಾಣುತ್ತಲೂ ಇರಲಿಲ್ಲ. ಬಾಗಿಲ ಸಂದಿಯಿಂದ ಬಿಸಿಯೂಟದ ರತ್ನಮ್ಮನನ್ನು ಕೂಗಿದೆ. ಆಕೆ ತರಕಾರಿ ಹೆಚ್ಚುವ ಚಾಕು ಹಿಡಿದೇ ಓಡಿಬಂದಳು. ಒಂದು ನಿಮಿಷ ಗಂಟನ್ನು ಪರೀಕ್ಷಿಸಿ, “ಅಲ್ಲಾ ಮೇಡಂ, ನಿಮ್ಮೆಜಮಾನ್ರು ನಿಮ್ಮನ್ನ ಲಾರಿಗೆ ಲೋಡ್ ಮಾಡೋಕೆ ಅಂತ ಕಟ್ಟವ್ರಾ ಹೆಂಗೆ?” ಎಂದು ಲಾಡಿಯನ್ನು ಕೊಯ್ದಳು. ಮಾನ ಉಳಿಯಿತು. ಉಳಿದ ದಿನವನ್ನು ಎರಡು ಸೇಫ್ಟಿ ಪಿನ್ನುಗಳ ಭರವಸೆಯಲ್ಲಿ ಕಳೆದೆ. ನಗುತ್ತಲೇ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅತ್ತು ಮುಖ ತೊಳೆದು ಹೊರಗೆ ಬಂದರೆ ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಗಿಳಿ ಕಚ್ಚಿದ ಸೀಬೆಕಾಯಿ.

“ಗಾಳಿಗೆ ತೋರಣ ಹರಿದೈತೆ. ಹೊಸ ಶೀಟು ಕಟ್ಟಾನ ಅಂದ್ರೆ ಇಲ್ಲ. ಕೆಂಪು ಬಣ್ಣದ ಕಬ್ಬಿಣದ ಮಾತ್ರೆದು ಬಂತು, ಬೆಳ್ಳಿದು ಬರ್ಲೇ ಇಲ್ವಲ್ಲ. ಹದಿನೈದು ದಿನದ ಮೇಲಾಯ್ತು. ಎಲ್ಲಿಕ್ಕಿದ್ದೀಯಾ?”

ಸುಳ್ಳು ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ನನಗೆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. ಜೊತೆಗೆ, ಇವರಿಗೆ ಸಂತೋಷವೇ ಆಗುತ್ತದೆ ಎಂದುಕೊಂಡಿದ್ದೆ. “ನೀವು ಹೇಳ್ತಿದ್ದಿದ್ದೇ ಸರಿ ಅನ್ನಿಸ್ತು ಅತ್ತೆ. ಮಗೂಗೆ ಏನಾದ್ರೂ ಆದೀತು ಅಂತ ಬಿಟ್ಟಿದ್ದೀನಿ,” ಎಂದೆ.

ಸೀಬೆಕಾಯಿ ಕೆಳಗೆ ಬಿತ್ತು. “ನಾಯಿ ಬಿಚ್ಬಿಟ್ಟಿದ್ದೀಯಾ?” ಎಂದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. “ನಾನು ಹೇಳ್ದೆ ಅಂತ ಬಿಟ್ಬಿಡದಾ? ನಾನೇನ್ ಓದಿದ್ದೀನಾ? ಹೇಳೋದು ನನ್ ಕೆಲ್ಸ, ಕೇಳ್ದೇ ಇರೋದು ನಿನ್ ಕೆಲ್ಸ! ಇಷ್ಟ್ ದಿನ ಹಂಗೇ ನಡ್ಕೊಂಡ್ ಬಂದಿತ್ತಲ್ಲ!”

ನಾನು ಬಾಯಿ ತೆರೆದೆ. ಅವರು ಮುಗಿಸಿರಲಿಲ್ಲ.

“ಹೋದ್ ಸಲ ಒಂದಾದ್ರೂ ಮಾತ್ರೆ ನುಂಗಿದ್ಯಾ? ಇಲ್ಲ. ನಿಂತ್ಕಂತಾ ಕೂಸು? ಇಲ್ಲ. ಈ ಸಲ ನುಂಗ್ದೆ, ಐದು ತಿಂಗ್ಳು ನಿಂತೈತೆ. ಇಷ್ಟು ತಿಳಿಯಾಕೆ ಸ್ಕೂಲಿಗೆ ಹೋಗ್ಬೇಕೇನೇ?”

ಎರಡು ಸಂದರ್ಭ, ಒಂದರಲ್ಲಿ ಮಾತ್ರೆ ಇದೆ, ಒಂದರಲ್ಲಿ ಇಲ್ಲ, ಫಲಿತಾಂಶವನ್ನು ಹೋಲಿಸಿ. ಪ್ರಯೋಗವೆಂದರೆ ಹೀಗೆ ಎಂದು ನಾನು ವರ್ಷವರ್ಷವೂ ಮಕ್ಕಳಿಗೆ ಬರೆಸುವುದು ಇದನ್ನೇ. ಒಂದೇ ಸಲದ ಹೋಲಿಕೆಯಿಂದ ತೀರ್ಮಾನಕ್ಕೆ ಬರಬಾರದು ಎಂಬ ತಕರಾರು ನನ್ನ ತಲೆಗೆ ಬಂದದ್ದು ನಿಜ. ಅದನ್ನು ಆಡುವ ಧೈರ್ಯವಾಗಲಿಲ್ಲ. ಅವರು ಒಳಗೆ ಹೋಗಿ ಮಾತ್ರೆಯನ್ನೂ ನೀರನ್ನೂ ತಂದು ನಾನು ನುಂಗುವವರೆಗೆ ಎದುರು ನಿಂತರು.

ಮಾರನೆಯ ದಿನ ನಾನು, ಅತ್ತೆ ಕಡೂರಿನಿಂದ ರೈಲು ಹತ್ತಿ ಶಿವಮೊಗ್ಗಕ್ಕೆ ಹೊರಟೆವು. ಈ ಕಾಯಿಲೆಯ ಕೆಲವರಲ್ಲಿ ತಾಯಿಯ ರಕ್ತದಲ್ಲಿರುವ ಏನೋ ಒಂದು ಮಗುವಿನ ಎದೆಬಡಿತವನ್ನು ಕೆಡಿಸುವುದುಂಟು, ಅದಕ್ಕೇ ಮಾತ್ರೆ ಬಿಡಬಾರದು ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಹದಿನೈದು ದಿನಗಳಲ್ಲಿ ನಾನು ಅದನ್ನು ಮರೆತಿದ್ದೆನಲ್ಲ, ರೈಲಿನಲ್ಲಿ ಅಕ್ಷರ ಬಿಡದೆ ನೆನಪಿಗೆ ಬಂತು. ತರೀಕೆರೆಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಊದಿದ ಕೈ ನೋಡಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ ಎಂದಳು. ಅತ್ತೆ ಅದನ್ನು ಪೂರ್ತಿ ಕೇಳಿಸಿಕೊಂಡು, ಎಷ್ಟು ಉಪ್ಪು ಎಂದೂ ವಿಚಾರಿಸಿದರು. ನಾನು ಕಿಟಕಿಯ ಕಡೆ ಮುಖ ಮಾಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಳಗಿನವರ ಕ್ಷಮೆ ಕೇಳುತ್ತಿದ್ದೆ.

ಡಾಕ್ಟರಮ್ಮ ಒಳ್ಳೆಯವರು. ಒಳ್ಳೆಯವರ ಕೋಪ ಜೋರಾಗಿಯೇ ಇರುತ್ತದೆ. ನನ್ನ ಬೆರಳ ಗೆಣ್ಣುಗಳನ್ನು ನೋಡಿ, “ಮಾತ್ರೆ ಬಿಟ್ಟಿದ್ದೀರಾ?” ಎಂದರು.

“ಹದಿನೈದು ದಿನ,” ಎಂದೆ.

“ಯಾರು ಹೇಳಿದ್ದು ಬಿಡೋಕೆ?”

ನಾನು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಪಕ್ಕದಿಂದ ಅತ್ತೆಯ ದನಿ ಬಂತು. “ನಾನೇ ಬಿಡ್ಸಿದ್ದು ಕಣ್ರವ್ವಾ. ಬಸುರಿ ಹೆಂಗ್ಸು ಮಾತ್ರೆ ನುಂಗಬಾರ್ದು ಅಂತ ಎತ್ತಿಕ್ಬಿಟ್ಟಿದ್ದೆ. ಅವ್ಳು ಕೇಳಿದ್ರೂ ಕೊಡ್ಲಿಲ್ಲ.”

ಆಮೇಲೆ ಹತ್ತು ನಿಮಿಷ ಡಾಕ್ಟರಮ್ಮ ಅತ್ತೆಯನ್ನು ಬೈದರು. ನಿಮ್ಮಂಥ ಹಿರಿಯರಿಂದಲೇ ಇಂಥ ಹುಡುಗಿಯರ ಜೀವಕ್ಕೆ ಸಂಚಕಾರ ಎಂದರು. ಓದಿದ ಸೊಸೆಯ ಮಾತು ಕೇಳಲು ನಿಮಗೇನು ಕಷ್ಟ ಎಂದರು. ಅತ್ತೆ ತಲೆ ತಗ್ಗಿಸಿಕೊಂಡು, “ತಪ್ಪಾಯ್ತು ಕಣ್ರವ್ವಾ, ತಪ್ಪಾಯ್ತು,” ಎನ್ನುತ್ತಿದ್ದರು. ಓದಿದ ಸೊಸೆ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದಳು. ಮೇಜಿನ ಕೆಳಗೆ ಅತ್ತೆ ನನ್ನ ಊದಿದ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ನೀವುತ್ತಿದ್ದರು. ಬೈಗುಳ ಮುಗಿಯುವುದಕ್ಕೂ ಐದನೆಯ ಬೆರಳು ಮುಗಿಯುವುದಕ್ಕೂ ಸರಿಹೋಯಿತು.

ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿದರು. ಯಂತ್ರ ಸ್ವಲ್ಪ ಹೊತ್ತು ಬರೀ ಗೊರಗೊರ ಎಂದಿತು. ಆ ಸ್ವಲ್ಪ ಹೊತ್ತಿನಲ್ಲಿ ನನ್ನ ಯಾವ ಕೀಲೂ ನೋಯಲಿಲ್ಲ. ಇರುವ ನೋವೆಲ್ಲ ಕಿವಿಗೆ ಬಂದು ಕೂತಿತ್ತು. ಆಮೇಲೆ ಶಬ್ದ ಬಂತು, ಗಡಿಬಿಡಿಯ ಶಬ್ದ, ತಪ್ಪದೆ, ತಡೆಯದೆ. ಡಾಕ್ಟರಮ್ಮ ಪರದೆಯ ಮೇಲೆ ಏನನ್ನೋ ಅಳೆಯುತ್ತಿದ್ದರು.

ಅತ್ತೆಗೆ ತಡೆಯಲಾಗಲಿಲ್ಲ. “ಯಾಕ್ರವ್ವಾ ಹಿಂಗ್ ಓಡ್ತೈತೆ? ನೀವು ಬೈದಿದ್ದು ಅದಕ್ಕೂ ಕೇಳಿಸ್ತೋ ಏನೋ. ಅದ್ರದ್ದೇನೂ ತಪ್ಪಿಲ್ಲ ಅಂತ ಹೇಳ್ಬಿಡಿ.”

ಡಾಕ್ಟರಮ್ಮ ನಕ್ಕುಬಿಟ್ಟರು. “ಮಕ್ಕಳದು ಹಿಂಗೇ ಓಡಬೇಕಮ್ಮ. ಚೆನ್ನಾಗಿದೆ. ಲಯ ಸರಿಯಾಗಿದೆ,” ಎಂದರು. ನನಗೆ ಬಂದದ್ದು ಅಳುವೋ ನಗುವೋ ನನಗೇ ತಿಳಿಯಲಿಲ್ಲ. ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿ, ಅದೇ ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು.

ಹೊರಗೆ ಬಂದು ಹೋಟೆಲಿನಲ್ಲಿ ಕಾಫಿಗೆ ಕೂತಾಗ ಕೇಳಿದೆ: “ಯಾಕತ್ತೆ ಹಂಗಂದ್ರಿ?”

“ನೀನು ಮೇಡಮ್ಮು. ನಾಳೆ ನೀನ್ ಹೇಳಿದ್ದನ್ನ ಆಯಮ್ಮ ನಂಬಬೇಕಲ್ಲ? ನನ್ ಮಾತ್ ನಂಬಿದ್ರೆಷ್ಟು ಬಿಟ್ರೆಷ್ಟು. ನಮ್ಮಂಥೋರ್ಗೆ ಬೈಯ್ಯಾಕೆ ಅಂತ್ಲೇ ಅವ್ರು ಅಷ್ಟು ಓದಿರೋದು,” ಎಂದು ಲೋಟ ಎತ್ತಿದರು. “ಅಲ್ದೆ ನಿನ್ ಮೈ ಈಗ್ಲೇ ನೋಯ್ತೈತೆ. ಅದ್ರ ಮ್ಯಾಲೆ ಬೈಗುಳ ಬ್ಯಾರೆ ಯಾಕೆ?”

ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅತ್ತೆ ಮಾಡಿದ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ಊರಿಗೆ ಬಂದವರೇ ಬಾವಿಕಟ್ಟೆಯಲ್ಲಿ, ಡೈರಿಯಲ್ಲಿ, ರಾಗಿ ಮಿಲ್ಲಿನಲ್ಲಿ ಎಲ್ಲ ಕಡೆ ತಾವು ಸೊಸೆಯ ಮಾತ್ರೆ ಎತ್ತಿಟ್ಟದ್ದನ್ನೂ ಶಿವಮೊಗ್ಗದ ಡಾಕ್ಟ್ರ ಕೈಲಿ ಮಂಗಳಾರತಿ ಮಾಡಿಸಿಕೊಂಡದ್ದನ್ನೂ ವರ್ಣಿಸಿದರು. ಹೇಳಹೇಳುತ್ತಾ ಕತೆಗೆ ಕೈಕಾಲು ಬಂದವು. ಯಜಮಾನರು ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟರು. ದೇವನೂರಿನ ಚಿಕ್ಕತ್ತೆ ಬಂದು, “ಅಕ್ಕಾ, ನೀನು ಹಿಂಗ್ ಮಾಡಬಾರ್ದಿತ್ತು,” ಎಂದು ಬುದ್ಧಿ ಹೇಳಿದರು. ನನ್ನ ಅಮ್ಮ ಅಜ್ಜಂಪುರದಿಂದ ಫೋನು ಮಾಡಿ, ಹೆರಿಗೆಯವರೆಗೂ ಇಲ್ಲೇ ಬಂದಿರು, ಆ ಹೆಂಗಸಿನ ಹತ್ತಿರ ಇರಬೇಡ ಎಂದರು. ಪ್ರತಿ ಸಲವೂ ನಾನು ನಿಜ ಹೇಳಬೇಕೆಂದುಕೊಂಡೆ. ಪ್ರತಿ ಸಲವೂ, ನಾಳೆ ಹೇಳಿದರಾಯಿತು ಎಂದುಕೊಂಡೆ. ದಿನಕ್ಕೆ ನಲವತ್ತು ನೋಟ್‌ಬುಕ್ಕುಗಳ ತಪ್ಪು ತಿದ್ದುವವಳಿಗೆ ಊರ ಬಾಯಲ್ಲಿದ್ದ ಒಂದು ವಾಕ್ಯವನ್ನು ತಿದ್ದಲಾಗಲಿಲ್ಲ.

ಮಗಳು ಹುಟ್ಟಿದಳು. ಹೇಳಿದ್ದಕ್ಕಿಂತ ಎರಡು ವಾರ ಮುಂಚೆ, ತೂಕ ಕೊಂಚ ಕಡಿಮೆ, ದನಿ ಮಾತ್ರ ಮೂರು ಮನೆಗೆ ಕೇಳುವಷ್ಟು. ಎದೆಬಡಿತ ಅಂದಿನಂತೆಯೇ ಗಡಿಬಿಡಿಯದು. ನನ್ನ ಬೆರಳುಗಳು ಕೆಲವು ದಿನ ಬರುತ್ತವೆ, ಕೆಲವು ದಿನ ಬರುವುದಿಲ್ಲ. ಬಾರದ ದಿನ ಮಗುವಿನ ಅಂಗಿಯ ಕಸೆಯನ್ನು ಅತ್ತೆ ಕಟ್ಟುತ್ತಾರೆ. ಯಜಮಾನರಿಗೆ ಆ ಕೆಲಸವನ್ನು ಕೊಟ್ಟಿಲ್ಲ.

ಈಗ ಇದನ್ನೆಲ್ಲ ಬರೆದದ್ದು ಆ ವಾಕ್ಯವನ್ನು ತಿದ್ದಲೆಂದೇ. ಮಾತ್ರೆ ಬಿಟ್ಟವಳು ನಾನು, ಮತ್ತೆ ನುಂಗಿಸಿದವರು ಅವರು. ಊರವರು ಓದಲಿ, ಅಜ್ಜಂಪುರದವರೂ ಓದಲಿ. ಅತ್ತೆಗೆ ಓದಲು ಬರುವುದಿಲ್ಲವಾದ್ದರಿಂದ ನಿನ್ನೆ ಸಂಜೆ ಯಜಮಾನರೇ ಜಗಲಿಯಲ್ಲಿ ಕೂತು ಪೂರ್ತಿ ಓದಿ ಹೇಳಿದರು. ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ, ಕೊನೆಯ ಸಾಲಿನವರೆಗೂ ಕೇಳಿದರು. ಆಮೇಲೆ ಮಗನಿಗೆ ಹೇಳಿದರು:

“ಸುಳ್ ಬರ್ದವಳೆ ಕಣೋ. ನಾನೇ ಬಿಡ್ಸಿದ್ದು.”